ಕೌಂಟರ್ ಕಾದವಳ ತರಬೇತಿ

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅಂಟಕ್ಕ ಗ್ರಂಥಾಲಯದ ಹಳೆಯ ಸಂಪುಟಗಳ ಕೋಣೆಯ ಮುಂದೆ ನಿಂತು ಗೋಡೆ ಗಡಿಯಾರ ನೋಡುತ್ತಿದ್ದಳು. ಇನ್ನೂ ಹತ್ತು ನಿಮಿಷ ಬಾಕಿ ಇತ್ತು. ಗೆದ್ದಲು ಔಷಧಿ ಇಟ್ಟು, ಬಾಗಿಲಿನ ಸಂದುಗಳಿಗೆಲ್ಲ ಕಂದು ಕಾಗದದ ಪಟ್ಟಿ ಅಂಟಿಸಿ ಅವಳು ಆ ಕೋಣೆ ಮುಚ್ಚಿದ್ದು ಶನಿವಾರ ಒಂಬತ್ತು ಹತ್ತಕ್ಕೆ. ಎಪ್ಪತ್ತೆರಡು ಗಂಟೆ ತುಂಬಬೇಕು ಎಂಬುದು ಅವಳಿಗೆ ಗೊತ್ತಿತ್ತು. ಹತ್ತು ನಿಮಿಷ ಮೊದಲೇ ತೆರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ದೊಡ್ಡ ಮುಳ್ಳು ಎರಡರ ಮೇಲೆ ಬರುವವರೆಗೆ ಕೈಕಟ್ಟಿ ನಿಂತೇ ಇದ್ದಳು.

ಆಮೇಲೆ ಒದ್ದೆ ಬಟ್ಟೆಯಿಂದ ಪಟ್ಟಿಯನ್ನು ನೆನೆಸಿ, ಬಾಗಿಲಿನ ಬಣ್ಣ ಏಳದ ಹಾಗೆ ಒಂದೊಂದಾಗಿ ಕಿತ್ತಳು. ಮೂಗಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿ ಎರಡೂ ಕಿಟಕಿಗಳನ್ನು ತೆರೆದು ಉಸಿರು ಬಿಡದೆ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಅರ್ಧ ಗಂಟೆ ಬಿಟ್ಟು ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತು ಮೂಸಿ ನೋಡಿದಳು. ವಾಸನೆ ಇರಲಿಲ್ಲ. 'ಒಳಗೆ ಬರಬೇಡಿ' ಎಂಬ ಹಲಗೆಯನ್ನು ಮೊಳೆಯಿಂದ ತೆಗೆದು, ದಿನಚರಿ ಪುಸ್ತಕದಲ್ಲಿ 'ಎಪ್ಪತ್ತೆರಡು ಗಂಟೆ ಪೂರ್ತಿಯಾಗಿದೆ, ಕೋಣೆ ತೆರೆಯಲಾಗಿದೆ' ಎಂದು ಬರೆದು ಕೌಂಟರಿಗೆ ಹೋಗಿ ಕೂತಳು.

ಒಂಬತ್ತು ಐವತ್ತಕ್ಕೆ ವಕೀಲರ ಗುಮಾಸ್ತನೊಬ್ಬ ಬಂದು ನಲವತ್ತು ವರ್ಷದ ಹಿಂದಿನ ಪತ್ರಿಕೆಯಲ್ಲಿದ್ದ ಒಂದು ಪ್ರಕಟಣೆ ಬೇಕೆಂದ. ತಂದುಕೊಡಲು ಹೊರಟವನು ಸದ್ದಣ್ಣ. ವಾಚನಾಲಯದ ಅಟೆಂಡರ್, ವಯಸ್ಸು ಐವತ್ತೇಳು. ಮೂವತ್ತು ವರ್ಷ ಓದುಗರಿಗೆ 'ಸದ್ದು, ಸದ್ದು' ಎಂದು ಹೇಳಿ ಹೇಳಿ ಆ ಹೆಸರು ಬಂದಿತ್ತು.

"ಒಳಗೆ ಹೋಗಬಹುದೇನಮ್ಮಾ, ನಿನ್ನ ಗೆದ್ದಲೆಲ್ಲ ಮಲಗಿದಾವಾ?" ಎಂದು ಅವನು ಕೇಳಿದ.

"ಹೋಗಿ ಬಾ ಸದ್ದಣ್ಣ. ನೀನು ಸದ್ದು ಮಾಡದಿದ್ದರೆ ಅವೂ ಏಳಲ್ಲ," ಎಂದಳು ಅಂಟಕ್ಕ.

ಗುಮಾಸ್ತನಿಗೆ ಬೇಕಾದ ಸಂಪುಟ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿತ್ತು. ಮಂಡಿ ನೋವಿದ್ದ ಸದ್ದಣ್ಣ ಬಗ್ಗಿ ಹುಡುಕುವ ಬದಲು ನೆಲದ ಮೇಲೆ ಕಾಲು ಚಾಚಿ ಕೂತ. ಆ ಔಷಧಿಯ ಅನಿಲ ಗಾಳಿಗಿಂತ ಭಾರ. ಕಿಟಕಿಗಳ ತಳ ನೆಲದಿಂದ ನಾಲ್ಕು ಅಡಿ ಮೇಲಿತ್ತು. ಮೇಲಿನ ಗಾಳಿ ಹೊರಗೆ ಹೋಗಿತ್ತು, ಕೆಳಗಿನದು ತೊಟ್ಟಿಯಲ್ಲಿ ನಿಂತ ನೀರಿನ ಹಾಗೆ ನಿಂತಿತ್ತು. ನಿಂತವರ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ಅವನು ಕೂತಿದ್ದ.

ಹತ್ತೂ ಮೂವತ್ತೈದಕ್ಕೆ ಗುಮಾಸ್ತ ಕೌಂಟರಿಗೆ ಬಂದು, "ನಿಮ್ಮ ಅಟೆಂಡರು ಪೇಪರ್ ತರೋಕೆ ಹೋದ್ರೋ, ಅಚ್ಚು ಹಾಕೋಕೆ ಹೋದ್ರೋ?" ಎಂದ. ಅಂಟಕ್ಕ ನಗುತ್ತಲೇ ಎದ್ದು ಹೋದಳು.

ಸದ್ದಣ್ಣ ಆಸ್ಪತ್ರೆಯಲ್ಲಿ ಆರನೆಯ ದಿನ, ಭಾನುವಾರ, ತೀರಿಕೊಂಡ. ನಡುವೆ ಒಮ್ಮೆಯೂ ಅವನಿಗೆ ಸರಿಯಾಗಿ ಎಚ್ಚರವಾಗಲಿಲ್ಲ.

ಅಂಟಕ್ಕ ಆ ಗ್ರಂಥಾಲಯಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತಮೂರು. ಹರಿದ ಪುಸ್ತಕ ಸರಿಮಾಡುವ ದಿನಗೂಲಿ ಕೆಲಸ. ಒಂಬತ್ತು ವರ್ಷದ ಮೇಲೆ ಕಾಯಂ ಆಯಿತು. ಹಿಟ್ಟಿನ ಅಂಟು ಕುದಿಸುವುದು, ಬೆನ್ನು ಬಿಟ್ಟ ಪುಸ್ತಕಕ್ಕೆ ಬಟ್ಟೆ ಹಚ್ಚುವುದು, ದಾರ ಹಾಕುವುದು, ಒತ್ತಿಡುವುದು ಇಷ್ಟೇ ಅವಳ ದಿನ. ಬೆರಳ ತುದಿಗಳಲ್ಲಿ ಯಾವಾಗಲೂ ಅಂಟಿನ ಪೊರೆ ಇರುತ್ತಿದ್ದುದರಿಂದ ಅವಳು ಅಂಟಕ್ಕನಾದಳು. ಅವಳ ಕೈ ಸೇರಿದ ಪುಸ್ತಕ ಮತ್ತೆ ಹತ್ತು ವರ್ಷ ಬಾಳುತ್ತದೆ ಎಂದು ಓದುಗರು ಹೇಳುತ್ತಿದ್ದರು. ಅವಳು ಮಾತ್ರ, "ಓದೋರ ಕೈ ಮೇಲೆ ಹೋಗುತ್ತೆ. ಎಂಟು ಅಂತ ಇಟ್ಟುಕೊಳ್ಳಿ," ಎನ್ನುತ್ತಿದ್ದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಕ್ಕಳಿಲ್ಲ. ಎರಡು ಕೋಣೆಯ ಮನೆ. ಒಂದರಲ್ಲಿ ಅವನ ಸ್ಪ್ಯಾನರುಗಳು, ಇನ್ನೊಂದರಲ್ಲಿ ಅವಳ ಕತ್ತರಿ, ದಾರ, ರಟ್ಟು. "ನಾನು ಓಡೋದನ್ನ ರಿಪೇರಿ ಮಾಡ್ತೀನಿ, ಇವಳು ಕೂತಲ್ಲೇ ಇರೋದನ್ನ ರಿಪೇರಿ ಮಾಡ್ತಾಳೆ," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ಇನ್ನು ತರಬೇತಿಯ ವಿಷಯ. ಹನ್ನೊಂದು ವರ್ಷದ ಹಿಂದೆ ಮೇಲಿನಿಂದ ಎರಡು ನಿಯಮಗಳು ಒಟ್ಟಿಗೆ ಬಂದವು. ಒಂದು, ಗ್ರಂಥಾಲಯದ ಪ್ರತಿಯೊಬ್ಬ ನೌಕರರೂ ವರ್ಷಕ್ಕೆ ಇಪ್ಪತ್ತನಾಲ್ಕು ಗಂಟೆ ತರಬೇತಿ ಪಡೆಯಬೇಕು. ಒಬ್ಬರು ತಪ್ಪಿದರೂ ಆ ವರ್ಷದ ಅನುದಾನ ಇಲ್ಲ. ಎರಡು, ಕೆಲಸದ ದಿನ ಗ್ರಂಥಾಲಯದ ಬಾಗಿಲು ಮುಚ್ಚಬಾರದು. ಮುಚ್ಚಿದರೂ ಅನುದಾನ ಇಲ್ಲ. ಇದ್ದವರು ಆರೇ ಜನ. ತರಬೇತಿ ನಡೆಯುತ್ತಿದ್ದುದು ಕೇಂದ್ರ ಕಚೇರಿಯಲ್ಲಿ, ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಎಲ್ಲರಿಗೂ ಒಂದೇ ದಿನ. ಆರೂ ಜನ ಹೋದರೆ ಬಾಗಿಲು ತೆರೆಯುವವರಿಲ್ಲ. ಒಬ್ಬರು ಉಳಿದರೆ ಆ ಒಬ್ಬರ ಗಂಟೆ ಇಲ್ಲ. ಎರಡೂ ನಿಯಮ ಬರೆದವರು ಬೇರೆ ಬೇರೆ ಮೇಜಿನವರು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ.

ಮೊದಲ ಸಲ ಉಳಿಯುತ್ತೇನೆಂದು ಹೇಳಿದವಳು ಅಂಟಕ್ಕನೇ. "ನನ್ನ ಕೆಲಸ ಕೌಂಟರಲ್ಲಿ ಕೂತೂ ಆಗುತ್ತೆ. ನೀವು ಹೋಗಿ ಬನ್ನಿ," ಎಂದಳು. ಗ್ರಂಥಪಾಲಕಿಗೆ ಆಗ ಮೂವತ್ತಮೂರು ವರ್ಷ. ಎಲ್ಲರೂ ಮೇಡಂ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಕೌಂಟರ್ ಕಾದವಳಿಗೆ ಅನ್ಯಾಯವಾಗಬಾರದೆಂದು ಅವಳಿಗನಿಸಿತು. ಹಾಜರಿ ಹಾಳೆಯಲ್ಲಿ ಒಂದು ಸಾಲು ಖಾಲಿ ಬಿಡಿಸಿ ತಂದು, "ಅಕ್ಕಾ, ನೀವಿಲ್ಲದಿದ್ದರೆ ನಾವ್ಯಾರೂ ಹೋಗೋಕಾಗ್ತಿರಲಿಲ್ಲ. ಇದು ನಿಮ್ಮ ಹಕ್ಕು, ಸಹಿ ಹಾಕಿ," ಎಂದಳು. ಅಂಟಕ್ಕ ಸಹಿ ಹಾಕಿದಳು. ಮುಂದಿನ ವಾರ ಅವಳ ಹೆಸರಿನ ಪ್ರಮಾಣಪತ್ರ ಬಂತು.

ಮುಂದೆ ಅದೇ ಪದ್ಧತಿಯಾಯಿತು. ಕೌಂಟರ್ ಕಾಯುವುದೂ ಹಾಜರಿಯೇ ಎಂದು ಆ ಆರು ಜನ ನಂಬಿಬಿಟ್ಟರು. ಸುಳ್ಳು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ, ಯಾಕೆಂದರೆ ಯಾರ ಮನಸ್ಸಿನಲ್ಲೂ ಅದು ಸುಳ್ಳಾಗಿರಲಿಲ್ಲ. ತರಬೇತಿಯಿಂದ ಮರಳುವವರು ಅವಳ ಪಾಲಿನ ಬಿಸ್ಕತ್ತಿನ ಪೊಟ್ಟಣವನ್ನೂ ಹಾಜರಿ ಹಾಳೆಯನ್ನೂ ಒಟ್ಟಿಗೆ ತರುತ್ತಿದ್ದರು. "ಕೂತಲ್ಲೇ ಪಂಡಿತೆ ಆದೆಯಲ್ಲಮ್ಮಾ, ನಮಗೆ ಬಸ್ಸಲ್ಲಿ ಸೊಂಟ ಮುರೀತು," ಎಂದು ಸದ್ದಣ್ಣ ಕಿಚಾಯಿಸುತ್ತಿದ್ದ. ಅವನು ಕೊನೆಯ ಸಾಲಿನಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದ ಎಂಬುದು ಎಲ್ಲರಿಗೂ ಗೊತ್ತಿತ್ತು.

ಒಂದೇ ಒಂದು ಸಲ ಅಂಟಕ್ಕ ತಾನೂ ಹೋಗಬೇಕೆಂದು ಕೇಳಿದ್ದಳು. ಹಳೆಯ ಕಾಗದವನ್ನು ಉಳಿಸುವುದು ಹೇಗೆ ಎಂಬ ಎರಡು ದಿನದ ತರಗತಿ ಅದು. ಅವಳ ಬದಲಿಗೆ ಉಳಿಯಬೇಕಾದವನ ಮನೆಯಲ್ಲಿ ಆ ವಾರವೇ ಮಗು ಹುಟ್ಟಿ, ಅವಳೇ ಉಳಿದಳು. ಪ್ರಮಾಣಪತ್ರ ಬಂತು. ಆ ಒಂದನ್ನು ಮಾತ್ರ ಅವಳು ಮನೆಗೆ ತೆಗೆದುಕೊಂಡು ಹೋಗಲಿಲ್ಲ. ಮೇಜಿನ ಖಾನೆಯಲ್ಲಿ ಮಗುಚಿ ಇಟ್ಟಳು.

ಆಡಳಿತ ಮಂಡಳಿಯ ಸದಸ್ಯರಿಗೂ ವರ್ಷಕ್ಕೊಂದು ದಿನದ ತರಬೇತಿ ಇತ್ತು, 'ಮಂಡಳಿಯ ಹೊಣೆಗಳು' ಎಂದು. ಅಧ್ಯಕ್ಷರಿಗೆ ಕನ್ನಡಕದ ಅಂಗಡಿ. ಅವರು ಬೆಳಿಗ್ಗೆ ಹೋಗಿ, ಸಹಿ ಹಾಕಿ, ಚಹಾ ಕುಡಿದು, ಹನ್ನೊಂದಕ್ಕೆಲ್ಲ ಅಂಗಡಿಗೆ ವಾಪಸಾಗುತ್ತಿದ್ದರು. ಅಪಾಯದ ಕೆಲಸವನ್ನು ಯಾರಿಗಾದರೂ ವಹಿಸುವ ಮೊದಲು ಏನೇನು ವಿಚಾರಿಸಬೇಕು ಎಂಬ ಪಾಠ ಅಲ್ಲಿ ಮಧ್ಯಾಹ್ನದ ಮೇಲೆ ಇರುತ್ತಿತ್ತು.

ಗೆದ್ದಲು ಹಿಡಿದಾಗ ಮಂಡಳಿಯ ಮುಂದೆ ಎರಡು ದಾರಿಗಳಿದ್ದವು: ಹೊರಗಿನವರನ್ನು ಕರೆಸುವುದು, ಇಲ್ಲವೇ ನಮ್ಮವರೇ ಮಾಡುವುದು. ಅಧ್ಯಕ್ಷರು ಸಿಬ್ಬಂದಿಯ ಕಡತ ತರಿಸಿ ನೋಡಿದರು. ಎಂಟು ತಿಂಗಳ ಹಿಂದೆ ಕೀಟ ನಿಯಂತ್ರಣದ ಎರಡು ದಿನದ ತರಬೇತಿಯಾಗಿತ್ತು. ಅಂಟಕ್ಕನ ಸಹಿ ನಾಲ್ಕೂ ಅವಧಿಗಳಲ್ಲಿ ಇತ್ತು. "ಮನೆಯಲ್ಲೇ ಡಾಕ್ಟರ್ ಇರುವಾಗ ಹೊರಗಿನವರು ಯಾಕ್ರೀ?" ಎಂದರು. ನಿರ್ಣಯ ಪಾಸಾಗಲು ನಾಲ್ಕು ನಿಮಿಷ ಸಾಕಾಯಿತು. ಔಷಧಿಯ ಡಬ್ಬಿ ಬಂತು. ಅದರ ಮೇಲಿನ ಚೀಟಿ ಅರ್ಧ ಹರಿದಿತ್ತು. ಉಳಿದ ಅರ್ಧ ಅಂಟಕ್ಕನಿಗೆ ಬಾರದ ಭಾಷೆಯಲ್ಲಿತ್ತು.

ಆ ಕೀಟ ನಿಯಂತ್ರಣದ ತರಬೇತಿ ಕೇಂದ್ರ ಕಚೇರಿಯಲ್ಲಿ ಆಗಿರಲಿಲ್ಲ. ಇದೇ ಕಟ್ಟಡದ ಮಹಡಿಯಲ್ಲಿ ಆಗಿತ್ತು. ಹಾಗಾಗಿ ಅಂಟಕ್ಕ ಮೊದಲನೆಯ ಬಾರಿಗೆ ಒಂದು ತರಗತಿಯಲ್ಲಿ ಹೋಗಿ ಕೂತಿದ್ದಳು. ಎರಡನೆಯ ದಿನ ಬೆಳಿಗ್ಗೆ, ಕೌಂಟರಿನ ಮೇಲೆ ಗಂಟೆ ಇಟ್ಟು, 'ಬೇಕಾದವರು ಬಾರಿಸಿ' ಎಂದು ಚೀಟಿ ಬರೆದಿಟ್ಟು ಮೇಲೆ ಹೋದಳು. ಹೊಸ ನೋಟ್ ಪುಸ್ತಕ ಒಯ್ದಿದ್ದಳು. ಕಲಿಸುವವನು ಕೋಣೆ ಮುಚ್ಚುವುದು ಹೇಗೆ, ಎಷ್ಟು ಹೊತ್ತು ಎಂದು ಹೇಳುತ್ತಿದ್ದ. ಅವಳು 'ಎಪ್ಪತ್ತೆರಡು ಗಂಟೆ' ಎಂದು ಬರೆದುಕೊಂಡು ಅಡಿಗೆರೆ ಎಳೆದಳು. ಅಷ್ಟರಲ್ಲಿ ಕೆಳಗೆ ಯಾರೋ ಗಂಟೆ ಬಾರಿಸಿದರು. ಇಳಿದು ಬಂದಳು. ಒಬ್ಬರ ಹಿಂದೆ ಒಬ್ಬರು ಓದುಗರು ಬಂದರು. ಮತ್ತೆ ಮೇಲೆ ಹೋಗಲಾಗಲಿಲ್ಲ. ತೆರೆದ ಮೇಲೆ ಇನ್ನೂ ಎರಡು ದಿನ ಯಾರನ್ನೂ ಬಿಡದೆ, ನೆಲದ ಮಟ್ಟದಲ್ಲಿ ಫ್ಯಾನ್ ಇಟ್ಟು ಗಾಳಿ ಆಡಿಸಬೇಕು, ವಾಸನೆಯನ್ನು ನಂಬಬಾರದು ಎಂಬುದನ್ನು ಕಲಿಸುವವನು ಹೇಳಿದ್ದು ಆಮೇಲೆ. ಕೇಳಿದವರು ನಾಲ್ಕು ಜನ. ಐದನೆಯವನು ಸದ್ದಣ್ಣ, ಅವನು ನಿದ್ದೆಯಲ್ಲಿದ್ದ. ಕೇಳಿದ ನಾಲ್ವರೂ ಅದು ಅಂಟಕ್ಕನಿಗೂ ಗೊತ್ತು ಎಂದುಕೊಂಡಿದ್ದರು. ಹಾಳೆಯಲ್ಲಿ ಅವಳ ಸಹಿ ಇತ್ತಲ್ಲ.

ಸದ್ದಣ್ಣನ ಮಣ್ಣಾದ ಮೂರನೆಯ ದಿನ ಸಂಜೆ ಮೇಡಂ ಮತ್ತು ಅಧ್ಯಕ್ಷರು ಅಂಟಕ್ಕನ ಮನೆಗೆ ಬಂದರು. ಗಂಡ ಕುರ್ಚಿಯ ಮೇಲಿದ್ದ ಸ್ಪ್ಯಾನರುಗಳನ್ನು ಎತ್ತಿ ಜಾಗ ಮಾಡಿಕೊಟ್ಟ. ವಿಚಾರಣೆ ಸೋಮವಾರವೆಂದು ಗೊತ್ತಾಗಿತ್ತು. ಅಧ್ಯಕ್ಷರು ಟೈಪ್ ಮಾಡಿದ ಒಂದು ಹಾಳೆಯನ್ನು ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟರು.

"ಓದಿಕೊಳ್ಳಿ. ನಿಮಗೆ ಒಂದು ಗೆರೆಯಷ್ಟೂ ತೊಂದರೆ ಇಲ್ಲದ ಹಾಗೆ ಬರೆಸಿದ್ದೀನಿ," ಎಂದರು.

ಅಂಟಕ್ಕ ಓದಿದಳು. ತರಬೇತಿ ಪಡೆದ ನೌಕರಳು ಎಲ್ಲ ಕ್ರಮಗಳನ್ನೂ ಪಾಲಿಸಿದ್ದಳು. ಎರಡು ದಿನ ಒಳಗೆ ಹೋಗಬಾರದೆಂದು ಬಾಯಿಮಾತಿನಲ್ಲಿ ಎಚ್ಚರಿಸಿದ್ದಳು. ಅಟೆಂಡರ್ ಎಚ್ಚರಿಕೆಯನ್ನು ಲೆಕ್ಕಿಸದೆ ಒಳಗೆ ಹೋದನು. ಇಷ್ಟೇ ಇತ್ತು.

"ನಾನು ಎಚ್ಚರಿಸಲಿಲ್ಲ ಸಾರ್. ಹೋಗಿ ಬಾ ಅಂದೆ," ಎಂದಳು.

"ಕೇಳಿದವರು ಯಾರಿದ್ದರು?"

"ಅವನಿದ್ದ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಮೇಡಂ ಅದುವರೆಗೆ ತಲೆ ತಗ್ಗಿಸಿ ಕೂತಿದ್ದಳು. "ಅಕ್ಕಾ, ಹಾಜರಿ ಹಾಳೆಗಳನ್ನ ಬಿಚ್ಚಿದರೆ ಒಂದಲ್ಲ, ಹನ್ನೊಂದು ವರ್ಷದ್ದು ಬಿಚ್ತಾರೆ," ಎಂದಳು. "ಅನುದಾನ ನಿಲ್ಲುತ್ತೆ. ನಿಮ್ಮ ಕೆಲಸ ಹೋಗುತ್ತೆ, ನನ್ನದೂ ಹೋಗುತ್ತೆ. ಸಹಿ ಹಾಕಿ ಅಂದವಳು ನಾನು. ನನಗೆ ನಾಚಿಕೆ ಇಲ್ಲ ಅಂತಲ್ಲ. ಆದರೆ ಸದ್ದಣ್ಣ ಹೋಗಿಯಾಯ್ತು. ಅವನಿಗೆ ಇನ್ನು ಯಾವ ಮಾತೂ ತಾಗಲ್ಲ."

"ಅವರವರ ಹಣೆಬರಹ ಅಂದುಕೊಳ್ಳಿ," ಎಂದು ಅಧ್ಯಕ್ಷರು ಸೇರಿಸಿದರು.

ಬಾಗಿಲ ಹತ್ತಿರ ನಿಂತಿದ್ದ ಗಂಡ, "ಬ್ರೇಕ್ ನೋಡದೆ ಬಸ್ ಬಿಟ್ಟವನೂ ನಮ್ಮ ಡಿಪೋದಲ್ಲಿ ಹೀಗೇ ಅನ್ನುತ್ತಿದ್ದ," ಎಂದ. ಅವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಅವರು ಹೋದ ಮೇಲೆ ಗಂಡ ಹೆಂಡತಿ ಊಟಕ್ಕೆ ಕೂತರು. ಊಟ ಮಾಡುತ್ತ ಅವನು ಒಂದೇ ಮಾತು ಕೇಳಿದ: "ಕೆಲಸ ಹೋದರೆ ಬದುಕೋಕೆ ಆಗಲ್ವಾ ನಮಗೆ?" ಅವಳು, "ಆಗುತ್ತೆ. ಅದಲ್ಲ ರೀ. ಗ್ರಂಥಾಲಯ ಮುಚ್ಚಿದರೆ ಅದೂ ನನ್ನ ತಲೆ ಮೇಲೇ," ಎಂದಳು. ಅನ್ನ ತಟ್ಟೆಯಲ್ಲೇ ಆರಿತು.

ಭಾನುವಾರ ಬೆಳಿಗ್ಗೆ ಅವಳು ಸದ್ದಣ್ಣನ ಹೆಂಡತಿಯನ್ನು ನೋಡಲು ಹೋದಳು. ಅವರನ್ನು ಅವಳು ಅತ್ತಿಗೆ ಎನ್ನುತ್ತಿದ್ದಳು. ಅತ್ತಿಗೆ ಹೊರಗಿನ ಕೋಣೆಯಲ್ಲಿ ಗಂಡನ ಸಮವಸ್ತ್ರದ ಅಂಗಿಗಳನ್ನು ಮಡಿಸಿ ಇಡುತ್ತಿದ್ದರು, ಗ್ರಂಥಾಲಯಕ್ಕೆ ಹಿಂದಿರುಗಿಸಬೇಕಂತೆ. ಮೂರು ಅಂಗಿ. ಒಂದರ ಗುಂಡಿ ಕಿತ್ತಿತ್ತು. ಅದಕ್ಕೆ ಗುಂಡಿ ಹಚ್ಚಿ ಆಗಿತ್ತು.

"ನಿನ್ನೆ ನಿಮ್ಮ ಅಧ್ಯಕ್ಷರು ಬಂದಿದ್ದರು ಕಣಮ್ಮ," ಎಂದರು ಅತ್ತಿಗೆ. "ಹೋಗಬೇಡ ಅಂತ ಹೇಳಿದರೂ ಕೇಳದೆ ಒಳಗೆ ಹೋದರಂತೆ. ಮೂವತ್ತು ವರ್ಷ ಊರಿಗೆಲ್ಲ ಸುಮ್ಮನಿರಿ ಅಂತ ಹೇಳಿದ ಮನುಷ್ಯ, ಅವರೇ ಮಾತು ಕೇಳಲಿಲ್ಲವಂತೆ. ನಾನು ನಂಬಿದೆ. ಮನೆಯಲ್ಲೂ ಹಟ ಅವರದ್ದು. ರಾತ್ರಿಯೆಲ್ಲ ಬೈಕೊಂಡೆ ಅವರನ್ನ. ಫೋಟೋ ಮುಂದೆ ಕೂತು ಬೈದೆ. ನಿನ್ನ ಬಾಯಲ್ಲಿ ಒಂದು ಸಲ ಕೇಳಿಬಿಡ್ತೀನಿ. ನೀನು ಬೇಡ ಅಂದೆಯಾ?"

ಅಂಟಕ್ಕ ಅಂಗಿಗಳ ಕಡೆ ನೋಡಿದಳು.

"ಇಲ್ಲ ಅತ್ತಿಗೆ. ಹೋಗಬಹುದಾ ಅಂತ ಅಣ್ಣ ಕೇಳಿದ. ಹೋಗಿ ಬಾ ಅಂದೆ. ನನಗೆ ಗೊತ್ತಿರಲಿಲ್ಲ."

ಅತ್ತಿಗೆ ಗುಂಡಿ ಹಚ್ಚಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದರು. ಆಮೇಲೆ, "ಕೇಳಿ ಹೋದರಾ?" ಎಂದರು.

"ಕೇಳಿಯೇ ಹೋದ."

"ಸರಿ. ನೀನಿನ್ನು ಹೊರಡು," ಎಂದರು. ಬೈಯಲಿಲ್ಲ, ಅಳಲೂ ಇಲ್ಲ. ಅಂಟಕ್ಕ ಹೊಸ್ತಿಲು ದಾಟುವಾಗ, "ಮತ್ತೆ ಬರಬೇಡಮ್ಮ," ಎಂದು ಒಂದೇ ಮಾತು ಸೇರಿಸಿದರು. ಅವಳು ಮತ್ತೆ ಹೋಗಲಿಲ್ಲ.

ಸೋಮವಾರದ ವಿಚಾರಣೆಯಿಂದ ಏನಾಯಿತು ಎಂಬುದು ಗ್ರಂಥಾಲಯದ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಂಟಕ್ಕನ ಕೆಲಸ ಹೋಯಿತು. ಮೇಡಂಗೆ ಕಡತಗಳ ಗೋದಾಮಿಗೆ ವರ್ಗವಾಯಿತು. ಅಲ್ಲಿ ಓದುಗರು ಬರುವುದಿಲ್ಲ. ಅಧ್ಯಕ್ಷರು ರಾಜೀನಾಮೆ ಕೊಟ್ಟು ಅಂಗಡಿಗೆ ಮರಳಿದರು. ಅನುದಾನ ಎರಡು ವರ್ಷ ನಿಂತಿತು. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ತೆರೆದಿರುತ್ತಿದ್ದ ವಾಚನಾಲಯ ಮಧ್ಯಾಹ್ನ ಎರಡರಿಂದ ಐದಕ್ಕೆ ಇಳಿಯಿತು. ಉಳಿದ ಮೂವರು ನೌಕರರು ದಾರಿಯಲ್ಲಿ ಅವಳು ಎದುರಾದರೆ ಬೀದಿಯ ಆ ಬದಿಗೆ ದಾಟುತ್ತಾರೆ. ಹಿಂದೆ ಅವಳ ಬದಲಿಗೆ ಉಳಿಯಬೇಕಾಗಿದ್ದವನೂ ಅವರಲ್ಲಿ ಒಬ್ಬ. ಅವಳು ಈಗ ಮನೆಯಲ್ಲಿ ಕಚೇರಿಗಳ ದಫ್ತರಗಳಿಗೆ ರಟ್ಟು ಕಟ್ಟುತ್ತಾಳೆ. ವರದಿಯಲ್ಲಿ ಸದ್ದಣ್ಣನ ಮೇಲೆ ಒಂದು ಮಾತೂ ಇಲ್ಲ. 'ಅನುಮತಿ ಕೇಳಿ, ಪಡೆದು ಒಳಗೆ ಹೋದನು' ಎಂದಿದೆ.

ವಿಚಾರಣೆ ನಡೆದದ್ದು ಮಹಡಿಯ ಮೇಲೆ, ಕೀಟ ನಿಯಂತ್ರಣದ ತರಬೇತಿ ನಡೆದಿದ್ದ ಅದೇ ಕೋಣೆಯಲ್ಲಿ. ವಿಚಾರಣಾಧಿಕಾರಿ ವಯಸ್ಸಾದವರು, ಗಡಿಬಿಡಿ ಇಲ್ಲದವರು. ಹನ್ನೊಂದು ವರ್ಷದ ಹಾಜರಿ ಹಾಳೆಗಳು ಅವರ ಎಡಗೈ ಬದಿಗೆ ಜೋಡಿಸಿದ್ದವು. ಗೋಡೆ ಬದಿಯ ಬೆಂಚಿನಲ್ಲಿ ಅಧ್ಯಕ್ಷರು, ಮೇಡಂ, ಉಳಿದ ಮೂವರು ಕೂತಿದ್ದರು. ಟೈಪಿಸ್ಟ್ ಮೂಲೆಯಲ್ಲಿದ್ದ.

"ಈ ಸಹಿಗಳೆಲ್ಲ ನಿಮ್ಮವೇನಮ್ಮ?"

"ನನ್ನವೇ ಸಾರ್. ಯಾರೂ ನನ್ನ ಪರವಾಗಿ ಹಾಕಿಲ್ಲ."

"ಯಾರಾದರೂ ಬಲವಂತ ಮಾಡಿದರಾ?"

"ಇಲ್ಲ. ಪ್ರೀತಿಯಿಂದ ಕೊಟ್ಟರು. ನಾನೂ ಹಾಗೇ ತಗೊಂಡೆ."

ಬೆಂಚಿನ ಮೇಲೆ ಮೇಡಂ ಮುಖ ಮುಚ್ಚಿಕೊಂಡಳು. ಅಧಿಕಾರಿ ಹಾಳೆಗಳ ಮೇಲೆ ಕೈಯಿಟ್ಟರು. "ವರ್ಷಕ್ಕೆ ಇಪ್ಪತ್ತನಾಲ್ಕರಂತೆ ನಿಮ್ಮ ಹೆಸರಿನಲ್ಲಿ ಇನ್ನೂರ ಅರವತ್ತನಾಲ್ಕು ಗಂಟೆ ತರಬೇತಿ ಇದೆ. ಅದರಲ್ಲಿ ನೀವು ನಿಜವಾಗಿ ಕೂತು ಕೇಳಿದ್ದು ಎಷ್ಟು? ಅಂದಾಜು ಹೇಳಿದರೂ ಸಾಕು."

"ಅಂದಾಜು ಬೇಡ ಸಾರ್. ಹತ್ತಿ ಹೋಗುವಾಗಲೂ ಇಳಿಯುವಾಗಲೂ ಗಡಿಯಾರ ನೋಡಿದ್ದೀನಿ."

"ಹಾಗಾದರೆ ಹೇಳಿ. ಬರೆದುಕೊಳ್ಳುತ್ತಾರೆ."

ಟೈಪಿಸ್ಟ್ ಬೆರಳೆತ್ತಿ ಕಾಯುತ್ತಿದ್ದ. ಅಂಟಕ್ಕ ಎದ್ದು ನಿಂತು, ಬೆಂಚಿನಲ್ಲಿದ್ದವರಿಗೂ ಕೇಳಿಸುವ ಹಾಗೆ ಹೇಳಿದಳು:

"ಹದಿನೇಳು ನಿಮಿಷ."